ಕಿನುಯೋ ಕಳಿಸಿದ ಶ್ಯಾವಿಗೆ

ಜುಲೈ ೯, ಬುಧವಾರ

ಬೆಳಿಗ್ಗೆ ಆರಕ್ಕೆ ೨೭ ಡಿಗ್ರಿ, ಮಧ್ಯಾಹ್ನ ೩೫. ಬಿಸಿಲು. ಅಪಘಾತ: ಒಂದು.

ಮೂವತ್ತೆಂಟು ವರ್ಷ ತಾಕಾಮಾತ್ಸು ನಗರದ ಬಸ್ಸು ಓಡಿಸಿ, ದಿನದ ಕೊನೆಗೆ ಡಿಪೋದ ಪುಸ್ತಕದಲ್ಲಿ ಹವೆ, ವಿಳಂಬ, ಅಪಘಾತ ಬರೆದು ಬರೆದು, ನಿವೃತ್ತನಾದ ಮೇಲೂ ಕೈ ಸುಮ್ಮನಿರಲೊಲ್ಲದು. ಎಂಟು ವರ್ಷದಿಂದ ಈ ಪುಸ್ತಕದಲ್ಲಿ 'ಅಪಘಾತ: ಇಲ್ಲ' ಎಂದೇ ಬರೆಯುತ್ತ ಬಂದಿದ್ದೆ. ಇವತ್ತು ಹೆಂಡತಿ ಚಿಜುಕೋ ಆ ದಾಖಲೆ ಮುರಿದಳು. ಜೊತೆಗೆ ತನ್ನ ಬಲಗೈಯ ಮಣಿಕಟ್ಟನ್ನೂ.

ಶ್ಯಾವಿಗೆ ಪೆಟ್ಟಿಗೆ ಇಳಿಸಲು ಸ್ಟೂಲು ಹತ್ತಿದ್ದಳು. ನನ್ನನ್ನು ಕರೆಯಬಾರದಿತ್ತೇ ಎಂದು ಆಸ್ಪತ್ರೆಯಲ್ಲಿ ಕೇಳಿದೆ.

"ಮೂರು ಸಲ ಕರೆದೆ. ನೀವು ಬೇಸ್‌ಬಾಲ್ ನೋಡ್ತಾ ಇದ್ರಿ."

ಐದು ವಾರ ಪ್ಲಾಸ್ಟರ್. ಪೆಟ್ಟಿಗೆಗೆ ಏನೂ ಆಗಿಲ್ಲ. ಅದು ಕಿನುಯೋ ಕಳಿಸಿದ್ದು. ಚಿಜುಕೋಳ ಶಾಲೆಯ ಗೆಳತಿ, ಎದುರಿನ ದ್ವೀಪದಲ್ಲಿದ್ದಾಳೆ, ಪ್ರತಿ ಬೇಸಿಗೆಗೂ ಒಂದು ಪೆಟ್ಟಿಗೆ ಸೋಮೆನ್ ಶ್ಯಾವಿಗೆ ಕಳಿಸುತ್ತಾಳೆ. ನಾನು ಹುಟ್ಟಿದ್ದು ಅದೇ ದ್ವೀಪದಲ್ಲಿ. ಅಪ್ಪ ಶ್ಯಾವಿಗೆ ಎಳೆಯುತ್ತಿದ್ದ, ಈಗ ಅಣ್ಣ ಎಳೆಯುತ್ತಾನೆ. ಹಾಗಾಗಿ ಶ್ಯಾವಿಗೆಯ ವಿಷಯದಲ್ಲಿ ನನ್ನ ನಾಲಿಗೆಗೆ ಮೋಸ ಮಾಡಲಾಗದು. ಕಿನುಯೋ ಶ್ಯಾವಿಗೆಯ ಮುಂದೆ ಅಣ್ಣನದು ದನದ ಮೇವು. ಪ್ರತಿ ವರ್ಷ ಮೊದಲ ತುತ್ತಿಗೇ ಈ ಮಾತು ಹೇಳುತ್ತೇನೆ. ಇವತ್ತೂ ಹೇಳಿದೆ. ಚಿಜುಕೋ ಎಂದಿನಂತೆ ತಲೆ ತಗ್ಗಿಸಿ ತಿಂದಳು.

ಬೇಯಿಸಿದವನು ನಾನು. ಸ್ವಲ್ಪ ಅಂಟಾಗಿತ್ತು. ಚಮಚದಲ್ಲಿ ತಿಂದೆವು.

ಜುಲೈ ೧೦, ಗುರುವಾರ

೩೫ ಡಿಗ್ರಿ. ಅಪಘಾತ: ಇಲ್ಲ. ಅವಮಾನ: ಇದೆ.

ಹಿತ್ತಿಲ ಬಾಗಿಲ ಬಳಿ ಚಿಜುಕೋಳ ಉಪ್ಪಿನಕಾಯಿ ಮಡಕೆ ಇದೆ. ಅದರ ತುಂಬ ಒದ್ದೆ ಅಕ್ಕಿ ತೌಡು. ಸೌತೆಕಾಯಿ, ಬದನೆಕಾಯಿ ಅದರಲ್ಲಿ ಹೂತಿಟ್ಟು ಮರುದಿನ ತೆಗೆದು ತಿನ್ನುವುದು. ದಿನಕ್ಕೊಮ್ಮೆ ಬರಿಗೈಯಲ್ಲಿ ತಳದವರೆಗೂ ತಿರುವದಿದ್ದರೆ ತೌಡು ಕೆಟ್ಟುಹೋಗುತ್ತದಂತೆ. ನಲವತ್ತು ವರ್ಷದಿಂದ ತಿನ್ನುತ್ತಿದ್ದೇನೆ, ಒಳಗೆ ಕೈ ಹಾಕುವ ಸಂದರ್ಭ ಬಂದಿರಲಿಲ್ಲ.

"ಮೊಣಕೈವರೆಗೂ ಹೋಗ್ಲಿ. ಏನೂ ಕಚ್ಚಲ್ಲ," ಎಂದಳು.

"ನಾತ."

"ಅದು ನಮ್ಮಮ್ಮನ ಮಡಕೆ. ನಿಮಗಿಂತ ಮೊದ್ಲಿಂದ ಪರಿಚಯ ನಂಗೆ. ಸಾಯಿಸಿದ್ರೆ ಮಾತ್ರ ಸುಮ್ನಿರಲ್ಲ."

ಎಂಟು ಸಲ ಸೋಪು ಹಾಕಿ ತೊಳೆದೆ. ಕೈ ಇನ್ನೂ ಹಾಗೆಯೇ ಇದೆ.

ಜುಲೈ ೧೪, ಸೋಮವಾರ

೩೬ ಡಿಗ್ರಿ. ಅಪಘಾತ: ಹೇಗೆ ಬರೆಯಬೇಕೋ ತಿಳಿಯದು.

ಬೇಸಿಗೆಯ ಕುಶಲಪತ್ರಗಳ ಕಾಲ. 'ಸೆಕೆ ಹೆಚ್ಚಿದೆ, ಹೇಗಿದ್ದೀರಿ' ಎಂದು ನೆಂಟರಿಷ್ಟರಿಗೆ ಕಾರ್ಡು ಬರೆಯಬೇಕು. ಅದು ಆಗಸ್ಟ್ ಏಳರ ಹೊತ್ತಿಗೆ ತಲುಪಬೇಕು. ಅಂದು ಪಂಚಾಂಗದ ಪ್ರಕಾರ ಬೇಸಿಗೆ ಮುಗಿಯುತ್ತದೆ, ಹೊರಗೆ ತಲೆ ಸುಡುತ್ತಿದ್ದರೂ ಸರಿ. ಆಮೇಲೆ ಬರೆದರೆ 'ಉಳಿದ ಸೆಕೆಯ ಕುಶಲ' ಎಂದು ಬರೆಯಬೇಕು. ಎಂದರೆ ಬಸ್ಸು ತಡ ಎಂದು ಒಪ್ಪಿಕೊಂಡ ಹಾಗೆ. ಈ ನಿಯಮ ನನಗೆ ಮೊದಲಿನಿಂದಲೂ ಮೆಚ್ಚಿಗೆ. ಆದರೆ ಬರೆಯುವುದೆಲ್ಲ ಚಿಜುಕೋಳ ಇಲಾಖೆ. ಅಂಚೆಪೆಟ್ಟಿಗೆಯನ್ನೂ ನಾನು ತೆರೆದವನಲ್ಲ. ಅವಳು ಬದನೆಕಾಯಿಯನ್ನೋ ಟೊಮೆಟೊವನ್ನೋ ಎದುರಿಗಿಟ್ಟು ಕುಂಚದಲ್ಲಿ ಚಿತ್ರ ಬರೆಯುತ್ತಾಳೆ, ಪಕ್ಕದಲ್ಲಿ ನಾಲ್ಕು ಸಾಲು, ಆಮೇಲೆ ಅದೇ ಬದನೆಕಾಯಿ ಅಡಿಗೆಗೆ. ಈ ವರ್ಷ ಕೈಯಿಲ್ಲ. ಅವಳು ಹೇಳಬೇಕು, ನಾನು ಬರೆಯಬೇಕು.

ಮೂವತ್ತೊಂದು ಕಾರ್ಡು. ಇಪ್ಪತ್ತೆರಡನೆಯದಕ್ಕೆ ಬಂದೆವು.

"ಮುಂದಿಂದು ದ್ವೀಪಕ್ಕೆ. ಶಿಗೆರು ಅವರಿಗೆ."

"ಯಾವ ಶಿಗೆರು?"

"ನಿಮ್ಮಣ್ಣ ಶಿಗೆರು. ಇನ್ನೆಷ್ಟು ಶಿಗೆರು ಇದಾರೆ ನಿಮಗೆ?"

ಅವನಿಗೂ ನಮಗೂ ಮಾತಿಲ್ಲ ಎಂದು ನೆನಪಿಸಿದೆ.

"ನಿಮಗೆ ಮಾತಿಲ್ಲ. ಕಾಗದ ಇದೆ. ಹತ್ತೊಂಬತ್ತು ವರ್ಷದಿಂದ ಬರೀತಾ ಇದೀನಿ, ನಿಮ್ಮ ಹೆಸರಲ್ಲಿ."

"ನನ್ನ ಹೆಸರಲ್ಲಿ?"

"ನನ್ನ ಹೆಸರಲ್ಲಿ ಬರೆದ್ರೆ ಏನು ಉತ್ತರ ಬರೀತಾರೆ ಪಾಪ? ಮದುವೆಯಾಗದ ಮನುಷ್ಯ, ಸಂಕೋಚ ಪಡ್ತಾರೆ."

"ಉತ್ತರ ಬೇರೆ ಬರುತ್ತಾ?"

"ಪ್ರತಿ ವರ್ಷ. ಶ್ಯಾವಿಗೆನೂ."

ಕುಂಚ ಕೆಳಗಿಟ್ಟೆ. ಕಾರ್ಡಿನ ಮೇಲೆ ಮಸಿ ಬಿತ್ತು. "ಕಿನುಯೋ?" ಎಂದೆ.

"ಕಿನುಯೋ ಒಸಾಕಾದಲ್ಲಿದಾಳೆ. ಅವಳಿಗೆ ಶ್ಯಾವಿಗೆ ಕಂಡ್ರೆ ಆಗಲ್ಲ."

ಜುಲೈ ೧೫, ಮಂಗಳವಾರ

೩೬ ಡಿಗ್ರಿ. ಮಾತುಕತೆ: ಇಲ್ಲ. ಮಧ್ಯಾಹ್ನ ಒಬ್ಬನೇ ಹೋಗಿ ಉದೋನ್, ಎಂದರೆ ದಪ್ಪ ಗೋಧಿ ಶ್ಯಾವಿಗೆ, ತಿಂದು ಬಂದೆ.

ಒಂದು ಪೆಟ್ಟಿಗೆಯಲ್ಲಿ ಮೂವತ್ತಾರು ಕಟ್ಟು. ಹತ್ತೊಂಬತ್ತು ವರ್ಷ. ಆರುನೂರ ಎಂಭತ್ನಾಲ್ಕು ಕಟ್ಟು ತಿಂದಿದ್ದೇನೆ, ಅವನದು. ಹೊಗಳಿ ಹೊಗಳಿ ತಿಂದಿದ್ದೇನೆ.

ಮಡಕೆ ತಿರುವಿದೆ. ಅದರ ಮೇಲೆ ನನಗೇನೂ ಕೋಪವಿಲ್ಲ.

ಜುಲೈ ೧೭, ಗುರುವಾರ

೩೪ ಡಿಗ್ರಿ. ಅಪಘಾತ: ಇಲ್ಲ.

ಚಿಜುಕೋ ಮಲಗಿದ್ದಾಗ ಬಿಸ್ಕತ್ತಿನ ಡಬ್ಬಿ ತೆಗೆದು ನೋಡಿದೆ. ಅಣ್ಣನ ಕಾರ್ಡುಗಳೆಲ್ಲ ಅದರಲ್ಲಿವೆ. ಪಕ್ಕದಲ್ಲಿ ಅವಳು ಕರಡು ಬರೆದಿಟ್ಟ ನೋಟ್‌ಬುಕ್ಕು. ನನ್ನ ಪತ್ರಗಳನ್ನು ನಾನೇ ಓದಿದ ಹಾಗಾಯಿತು.

ಪತ್ರಗಳಲ್ಲಿರುವ, ನನ್ನದೇ ಹೆಸರಿನ ಈ ಇಸಾಮು ಭಾರಿ ಮನುಷ್ಯ. ಜಗಲಿಗೆ ಬಲೆ ಕಟ್ಟಿ ಹಾಗಲಬಳ್ಳಿ ಹಬ್ಬಿಸುತ್ತಾನೆ, ಅದರ ನೆರಳಲ್ಲಿ ಕೂತು ಬಾರ್ಲಿ ಚಹಾ ಕುಡಿಯುತ್ತಾನೆ. ದಿನಾ ಬೆಳಿಗ್ಗೆ ತನ್ನ ಕೈಯಿಂದ ತೌಡಿನ ಮಡಕೆ ತಿರುವುತ್ತಾನೆ. ಸಂಜೆ ಗಾಳಿ ಸಮುದ್ರದ ಕಡೆ ತಿರುಗಿದ್ದನ್ನು ಗಮನಿಸುತ್ತಾನೆ. ಒಂದು ವರ್ಷ ಸೌತೆಕಾಯಿಯ ಹೂವು ಎಷ್ಟು ಹೊತ್ತಿಗೆ ಅರಳುತ್ತದೆ ಎಂದು ನೋಡಲು ಮುಂಜಾನೆ ಎದ್ದು ಕೂತಿದ್ದಾನೆ. ಹೆಂಡತಿಯ ಅಡಿಗೆಯನ್ನು ಮೂರು ಕಡೆ ಹೊಗಳಿದ್ದಾನೆ. ಇಂಥವನ ಜೊತೆ ಸಂಸಾರ ಮಾಡುವುದು ಕಷ್ಟ.

ಅಣ್ಣನ ಉತ್ತರಗಳು ಗಿಡ್ಡ. 'ನಿನ್ನ ಸೌತೆಕಾಯಿ ಚಿತ್ರ ಚೆನ್ನಾಗಿದೆ. ಬಹಳ ಸುಧಾರಿಸಿದ್ದೀಯ.' 'ಬಳ್ಳಿಗೆ ಮೀನಿನ ಗೊಬ್ಬರ ಹಾಕು.' ಎಲ್ಲ ನಂಬಿದ್ದಾನೆ. ಬುದ್ಧಿವಂತ ಎಂದು ಶಾಲೆಯಲ್ಲಿ ಬಹುಮಾನ ಬೇರೆ ಕೊಟ್ಟಿದ್ದರು ಅವನಿಗೆ.

ಜಗಳ ಯಾಕಾಯಿತು ಎಂಬುದನ್ನೂ ಬರೆದಿಡುತ್ತೇನೆ, ನ್ಯಾಯ ಯಾರ ಕಡೆ ಎಂದು ಗೊತ್ತಿರಲಿ. ಅಪ್ಪ ತೀರಿಕೊಂಡ ವರ್ಷ, ಹಿರಿಯರ ಮೊದಲ ಹಬ್ಬಕ್ಕೆ ದ್ವೀಪಕ್ಕೆ ಹೋದೆ. ಫೆರಿ ಅರ್ಧ ಗಂಟೆ ತಡ. ಅಷ್ಟರಲ್ಲಿ ಅಣ್ಣ ದೇವರ ಮುಂದಿಟ್ಟ ಕಲ್ಲಂಗಡಿ ಕೊಯ್ದು ನಡುವಿನ ಸಿಹಿ ಭಾಗ ಎಲ್ಲರಿಗೂ ಹಂಚಿ ಮುಗಿಸಿದ್ದ. ನನಗೆ ಸಿಪ್ಪೆ ಕಡೆಯದು. ಅರ್ಧ ಗಂಟೆ ಕಾಯಲಾಗಲಿಲ್ಲವೇ ಎಂದೆ. ಅವನು ಒಂದು ಮಾತು ಹೇಳಿದ. ಮುಂದಿನ ಫೆರಿಗೆ ವಾಪಸು ಬಂದೆ. ಕಲ್ಲಂಗಡಿಯ ವಿಷಯ, ಅಷ್ಟೆ.

ಜುಲೈ ೧೮, ಶುಕ್ರವಾರ

೩೫ ಡಿಗ್ರಿ.

"ನೀವು ಬರೀತೀರೋ, ನಾನು ಎಡಗೈಲಿ ಬರೀಲೋ? ಬರೀದಿದ್ರೆ ಇಸಾಮು ಸತ್ತ ಅಂದ್ಕೋತಾರೆ."

ಎಡಗೈಯಲ್ಲಿ ಕುಂಚ ಹಿಡಿದೇಬಿಟ್ಟಳು. ಕಿತ್ತುಕೊಂಡೆ. ಏನು ಬರೆಯಲಿ ಎಂದು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬರೆದದ್ದು ಇಷ್ಟು: 'ಸೆಕೆ. ಚಿಜುಕೋ ಮಣಿಕಟ್ಟು ಮುರಿದಿದೆ. ಉಳಿದಂತೆ ಸರಿ. ಇಸಾಮು.' ಪಕ್ಕದಲ್ಲಿ ಬದನೆಕಾಯಿ ಬರೆಯಬೇಕೆಂದಳು. ಬರೆದೆ.

ಚಿಜುಕೋ ಅದನ್ನು ದೂರ ಹಿಡಿದು ನೋಡಿದಳು. "ಇದು ಬಸ್ಸಾ?"

"ಬದನೆಕಾಯಿ."

"ಕಿಟಕಿ ಯಾಕೆ ಹಾಕಿದೀರಿ?"

ಅದು ಹೊಳಪು. ಬದನೆಕಾಯಿಯ ಮೇಲೆ ಬೆಳಕು ಬೀಳುವ ಜಾಗ. ಒಂದು ಗಂಟೆ ನೋಡಿದ ಮೇಲೆ ಕಂಡಿದ್ದು.

ಜುಲೈ ೨೩, ಬುಧವಾರ

೩೬ ಡಿಗ್ರಿ. ಅಂಚೆಪೆಟ್ಟಿಗೆ ನಾನೇ ತೆರೆದೆ, ಯಾಕೋ.

ಅಣ್ಣನ ಕಾರ್ಡು. 'ಆಗಸ್ಟ್ ಮೂರು, ಭಾನುವಾರ ಬರುತ್ತೇನೆ. ಒಂಬತ್ತೂವರೆ ಫೆರಿ. ನಿನ್ನ ಹಾಗಲಬಳ್ಳಿ ನೋಡಬೇಕು. ಮಡಕೆಯ ಉಪ್ಪಿನಕಾಯಿ ತಿನ್ನಬೇಕು. ಶಿಗೆರು.'

ನಮ್ಮ ಜಗಲಿಯಲ್ಲಿ ಇರುವುದು ಒಂದು ಮುರಿದ ಸೈಕಲ್ಲು.

"ಈಗೇನು ಮಾಡ್ತೀಯ? ಯಾರದೋ ಹೆಸರಲ್ಲಿ ಪುರಾಣ ಬರೆದೆಯಲ್ಲ," ಎಂದೆ.

"ನಾನ್ಯಾಕೆ ಮಾಡ್ಲಿ? ಪತ್ರದ ಕೆಳಗೆ ನಿಮ್ಮ ಹೆಸರಿದೆ. ಆ ಇಸಾಮು ಆಗಿ. ಹನ್ನೊಂದು ದಿನ ಇದೆ."

ಬೇಡ ಎಂದು ಬರೆದುಬಿಡಬಹುದಿತ್ತು. ಆದರೆ ಎಲ್ಲ ಸುಳ್ಳು ಎಂದು ತಿಳಿದರೆ ಅವನು ನಗುತ್ತಾನೆ. ಹತ್ತೊಂಬತ್ತು ವರ್ಷದ ಮೇಲೆ ಮನೆಗೆ ಬಂದು ನನ್ನ ಮುಖ ನೋಡಿ ನಗುತ್ತಾನೆ. ಆಮೇಲೆ ಆ ಮಾತನ್ನು ಮತ್ತೆ ಹೇಳುತ್ತಾನೆ.

ಜುಲೈ ೨೪, ಗುರುವಾರ

ಪಕ್ಕದ ಮನೆಯ ಮೊರಿಯಾಸು ನಾಲ್ಕು ಕುಂಡದಲ್ಲಿ ಹಾಗಲ ಬೆಳೆಸಿ ಸೂರಿನವರೆಗೂ ಹಬ್ಬಿಸಿದ್ದಾನೆ. ಬಳ್ಳಿಯನ್ನು ಒಂದು ದಿನಕ್ಕೆ ಎರವಲು ಕೊಡುತ್ತೀಯಾ ಎಂದೆ. ಸುತ್ತಿಗೆ ಕೇಳಿದ ಹಾಗೆ ಕೇಳಬೇಕೆಂದು ಹೋಗಿದ್ದೆ, ಆಗಲಿಲ್ಲ.

"ಬಳ್ಳಿ?" ಎಂದ. "ಕಾಯಿ ಬೇಕಾದ್ರೆ ಕೊಯ್ಕೊಂಡು ಹೋಗು ಮಾರಾಯ."

"ಕಾಯಿ ಬೇಡ. ಬಳ್ಳಿನೇ ಬೇಕು. ಬಲೆ ಸಮೇತ. ಆಗಸ್ಟ್ ಮೂರು, ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ."

ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸೆಕೆಗೆ ಹೀಗಾಗುತ್ತದೆ, ನೀರು ಜಾಸ್ತಿ ಕುಡಿ ಎಂದ. ಕೊನೆಗೆ ಒಪ್ಪಿದ.

ಜುಲೈ ೨೬, ಶನಿವಾರ

೩೬ ಡಿಗ್ರಿ. ಮೊದಲ ಉಪ್ಪಿನಕಾಯಿ ತೆಗೆದೆ. ಚಿಜುಕೋ ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಸಮುದ್ರ," ಎಂದಳು.

ಉಪ್ಪು ಹೆಚ್ಚು. ಎರಡನೆಯದು ಬದನೆಕಾಯಿ, ಬಣ್ಣ ಮಂಕು. ಮೂರನೆಯದಕ್ಕೆ ಬದನೆಕಾಯಿಯನ್ನು ಮೊದಲೇ ಉಪ್ಪು ಹಾಕಿ ಉಜ್ಜಬೇಕೆಂದು ಹೇಳಿಕೊಟ್ಟಳು. ಬಣ್ಣ ಉಳಿಯುತ್ತದೆ, ಹಬ್ಬಕ್ಕೆ ಉಡುವ ಕಿಮೋನೊದಂಥ ನೇರಳೆ. ಈ ವಿದ್ಯೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. ನೀವು ಕೇಳಲಿಲ್ಲ ಎಂದಳು.

ಜುಲೈ ೨೯, ಮಂಗಳವಾರ

ಉಳಿದ ಕಾರ್ಡುಗಳನ್ನು ಬರೆದು ಮುಗಿಸಿದೆ. ಡಿಪೋದ ಗೆಳೆಯನಿಗೆ ಒಂದು ಹೆಚ್ಚಿಗೆ ಬರೆದೆ, ಅವನು ಚಿಜುಕೋಳ ಪಟ್ಟಿಯಲ್ಲಿ ಇರಲಿಲ್ಲ. ಮೆಣಸಿನಕಾಯಿ ಚಿತ್ರ. ಬರೆಯುತ್ತ ಕೂತರೆ ಮೆಣಸಿನಕಾಯಿಯೂ ನೆಟ್ಟಗಿರುವುದಿಲ್ಲ ಎಂದು ಗೊತ್ತಾಗುತ್ತದೆ, ಎಲ್ಲೋ ಒಂದು ಕಡೆ ಮನಸ್ಸು ಬದಲಾಯಿಸಿ ತಿರುಗಿರುತ್ತದೆ. ಚಿತ್ರ ಮುಗಿದ ಮೇಲೆ ಅದನ್ನು ಸುಟ್ಟು ಸೋಯಾ ಹಾಕಿ ತಿಂದೆವು. ಒಂದು ಗಂಟೆ ಮುಖ ನೋಡಿದ್ದನ್ನು ತಿನ್ನುವಾಗ ಸ್ವಲ್ಪ ಬೇಜಾರಾಗುತ್ತದೆ. ರುಚಿ ಮಾತ್ರ ಹೆಚ್ಚು.

ಸಂಜೆ ಐದೂಮುಕ್ಕಾಲಿಗೆ ಗಾಳಿ ಸಮುದ್ರದ ಕಡೆ ತಿರುಗಿತು. ಪತ್ರದ ಇಸಾಮು ಹೇಳಿದ್ದನ್ನು ಸುಮ್ಮನೆ ಪರೀಕ್ಷಿಸಿದೆ. ಅವನು ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ತಡ.

ಆಗಸ್ಟ್ ೧, ಶುಕ್ರವಾರ

ಗೆಳೆಯನ ಉತ್ತರ ಬಂತು. 'ನೀನು ಬರೆಯುತ್ತೀಯ ಎಂದು ಗೊತ್ತಿರಲಿಲ್ಲ. ನನ್ನ ಹೆಂಡತಿ ನಿನ್ನ ಮೆಣಸಿನಕಾಯಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ.' ಚಿಜುಕೋಗೆ ಓದಿ ಹೇಳಿದೆ. ಊಟವಾದ ಮೇಲೆ ಇನ್ನೊಮ್ಮೆ ಓದಿ ಹೇಳಿದೆ.

ಕಾರ್ಡಿನ ಕೊನೆಗೆ ಹಳೆಯದೊಂದು ವಿಷಯ ಕೆದಕಿದ್ದ. 'ನಿಮ್ಮಪ್ಪ ಹೋದ ದಿನ ನಿನ್ನ ಬದಲು ಬಸ್ಸು ಓಡಿಸಲು ನಾನು ಸಿದ್ಧನಾಗಿ ನಿಂತಿದ್ದೆ, ನೀನೇ ಬೇಡ ಎಂದೆ, ನೆನಪಿದೆಯಾ? ನಾನು ಬಲವಂತ ಮಾಡಬೇಕಿತ್ತು ಎಂದು ಈಗಲೂ ಅನಿಸುತ್ತದೆ.' ಆ ಸಾಲು ಅವಳಿಗೆ ಓದಲಿಲ್ಲ. ಬದಲಿ ಚಾಲಕ ಇರಲಿಲ್ಲ ಎಂದೇ ಎಲ್ಲರಿಗೂ ಹೇಳಿದ್ದೇನೆ. ಅವಳಿಗೂ. ಈ ಪುಸ್ತಕಕ್ಕೂ ಅದನ್ನೇ ಬರೆಯೋಣವೆಂದು ಕೂತೆ.

ಇದ್ದ. ಬದಲಿ ಚಾಲಕ ಇದ್ದ.

ಅಣ್ಣ ಆ ದಿನ ಕಲ್ಲಂಗಡಿಯ ಮುಂದೆ ಹೇಳಿದ್ದು ಇದು: 'ಅಪ್ಪ ಮೂರು ಗಂಟೆ ನಿನಗೆ ಕಾದ. ನಾನು ಯಾಕೆ ಕಾಯ್ಬೇಕು?'

ಆಗಸ್ಟ್ ೨, ಶನಿವಾರ

ನಾಳೆಯ ತಯಾರಿ. ಸೈಕಲ್ಲು ಹಿತ್ತಿಲಿಗೆ ಹೋಯಿತು. ಶುಂಠಿ, ಈರುಳ್ಳಿ ಸೊಪ್ಪು ತಂದೆ. ಶ್ಯಾವಿಗೆ ಬೇಯಿಸುವುದನ್ನು ಗಡಿಯಾರ ಹಿಡಿದು ಆರು ಸಲ ಅಭ್ಯಾಸ ಮಾಡಿದೆ. ಆರು ಸಲವೂ ನಾವೇ ತಿನ್ನಬೇಕಾಯಿತು. ಚಿಜುಕೋ ಈ ಜನ್ಮದಲ್ಲಿ ಶ್ಯಾವಿಗೆ ಸಾಕು ಎಂದಿದ್ದಾಳೆ.

ಬಾರ್ಲಿ ಚಹಾ ಕಾಯಿಸಿ ತಣ್ಣಗಿಟ್ಟಿದ್ದೇನೆ. ಅವನು ಏನಾದರೂ ಅಂದರೆ ಏನು ಹೇಳಬೇಕು ಎಂದು ಕಾರ್ಡಿನ ಮೇಲೆ ಬರೆದುಕೊಳ್ಳಲು ಹೋದೆ. ಬದನೆಕಾಯಿಯೊಂದೇ ಮೂಡಿತು. ಈ ಸಲ ಕಿಟಕಿ ಇಲ್ಲ.

ಆಗಸ್ಟ್ ೩, ಭಾನುವಾರ

ಬೆಳಿಗ್ಗೆ ಐದಕ್ಕೆ ಮೊರಿಯಾಸುವೂ ನಾನೂ ಬಳ್ಳಿ ಸಾಗಿಸಿದೆವು. ನಾಲ್ಕು ಕುಂಡ, ಎರಡು ಬಿದಿರು, ಒಂದು ಬಲೆ, ಎಲ್ಲ ಒಂದಕ್ಕೊಂದು ಸುತ್ತಿಕೊಂಡಿದ್ದರಿಂದ ಒಟ್ಟಿಗೇ ಎತ್ತಬೇಕು. ನಾನು ಹಿಂದಕ್ಕೆ ನಡೆಯುತ್ತ 'ಎಡಕ್ಕೆ, ಎಡಕ್ಕೆ' ಎನ್ನುತ್ತಿದ್ದೆ. ಓಣಿಯ ತಿರುವಿನಲ್ಲಿ ಪತ್ರಿಕೆ ಹಾಕುವವನು ಸೈಕಲ್ ನಿಲ್ಲಿಸಿ ದಾರಿ ಬಿಟ್ಟ, ಯಾರದೋ ಶವಯಾತ್ರೆ ಎಂಬಂತೆ ಟೋಪಿ ತೆಗೆದ. ಏಳು ಕಾಯಿ ಉದುರಿದವು. ಜಗಲಿಗೆ ಕಟ್ಟಿ ನೋಡಿದರೆ ಹುಟ್ಟಿದಾಗಿನಿಂದ ಅಲ್ಲೇ ಇತ್ತು ಎನ್ನುವಂತಿತ್ತು.

ಒಂಬತ್ತೂವರೆಗೆ ಬಂದರಿಗೆ ಹೋಗಬೇಕೆಂದು ಲೆಕ್ಕ. ಎಂಟೂಕಾಲಿಗೆ ಮಡಕೆಗೆ ಮೊಣಕೈವರೆಗೆ ಕೈ ಹಾಕಿ ಕೂತಿದ್ದೆ. ಹಿತ್ತಿಲಲ್ಲಿ ಯಾರೋ ಕೆಮ್ಮಿದರು.

ಅಣ್ಣ. ಹಿಂದಿನ ಫೆರಿಗೇ ಬಂದುಬಿಟ್ಟಿದ್ದ. ಕೂದಲೆಲ್ಲ ಬಿಳಿ. ನಾನು ಅಂದುಕೊಂಡಷ್ಟು ಎತ್ತರವಿರಲಿಲ್ಲ. ನನ್ನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದ.

"ಇದು ನಿಜವೇನೋ?" ಎಂದ.

"ಯಾವುದು?"

"ನೀನು ಮಡಕೆ ತಿರುವೋದು."

ಹತ್ತೊಂಬತ್ತು ವರ್ಷದ ಮೊದಲ ಮಾತು ಇದು. ದಿನಾ ತಿರುವುತ್ತೇನೆ, ಪತ್ರದಲ್ಲಿ ಬರೆದಿದ್ದೆನಲ್ಲ ಎಂದೆ. ಹ್ಞೂಂ ಎಂದ.

ಒಳಗೆ ಬಂದವನು ನೆಟ್ಟಗೆ ಚಿಜುಕೋಳ ಹತ್ತಿರ ಹೋಗಿ ಮೊಣಕಾಲೂರಿ ಕೂತ. ಚೀಲದಿಂದ ನೋವಿನ ಎಣ್ಣೆ, ಮೂಳೆಗೆ ಒಳ್ಳೆಯದೆಂದು ಒಣ ಸಣ್ಣ ಮೀನು, ಒಂದು ಬೀಸಣಿಗೆ ತೆಗೆದು ಸಾಲಾಗಿ ಇಟ್ಟ.

"ಕೈ ಹೇಗಿದೆಯಮ್ಮ? ಹತ್ತೊಂಬತ್ತು ವರ್ಷ ನಂಗೆ ಕಾಗದ ಬರೆದ ಕೈ ಅದು."

ಚಿಜುಕೋ ಕೆಂಪಾದಳು. ನಾನು ಹಾಗಲಬಳ್ಳಿಯ ಕಡೆ ತಿರುಗಿದೆ.

"ಗೊತ್ತಿತ್ತಾ ನಿಮಗೆ?" ಎಂದಳು.

"ಮೊದಲನೇ ಕಾರ್ಡಿಂದ. ಸ್ಕೂಲಲ್ಲಿ ಬೇಸಿಗೆ ರಜದ ದಿನಚರಿ ಬರೀಬೇಕಲ್ಲ, ಇವನದ್ದು ಪೂರ್ತಿ ನಾನೇ ಬರೆದುಕೊಡ್ತಿದ್ದೆ. ಇವನು ಬರೆದ್ರೆ, ಬಿಸಿಲು, ಊಟ ಮಾಡಿದೆ, ಮಲಗಿದೆ, ಅಷ್ಟೆ. 'ಸಂಜೆ ಗಾಳಿ ದಿಕ್ಕು ಬದಲಿಸಿತು' ಅಂತ ಬರೆಯೋ ಮುಖಾನಾ ಇದು?"

"ಮತ್ತೆ ಉತ್ತರ ಯಾಕೆ ಬರೆದೆ?" ಎಂದೆ.

"ಕಾಗದ ಚೆನ್ನಾಗಿದ್ವು. ನಂಗೆ ಬೇರೆ ಯಾರು ಬರೀತಾರೆ?"

ಆ ಹೊತ್ತಿಗೆ ಸರಿಯಾಗಿ ಮೊರಿಯಾಸು ನೀರಿನ ಡಬ್ಬ ಹಿಡಿದು ಜಗಲಿಗೆ ಬಂದ. ಅಣ್ಣನಿಗೆ ನಮಸ್ಕಾರ ಮಾಡಿ, ಕುಂಡಕ್ಕೆ ನೀರು ಹಾಕತೊಡಗಿದ.

"ನೀವ್ಯಾರು?" ಎಂದ ಅಣ್ಣ.

"ಬಳ್ಳಿಯ ಯಜಮಾನ. ಇವನು ನೀರು ಹಾಕೋದು ಮರೀತಾನೆ ಅಂತ ಬಂದೆ. ಸಂಜೆ ವಾಪಸ್ ತಗೊಂಡು ಹೋಗ್ತೀನಿ."

ಅಣ್ಣ ನಕ್ಕ. ಯಾವುದಕ್ಕೆ ಹನ್ನೊಂದು ದಿನ ಹೆದರಿದ್ದೆನೋ ಅದೇ ನಗು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ, ಚಿಜುಕೋ ಪ್ಲಾಸ್ಟರಿನ ಕೈ ಎದೆಗಿಟ್ಟುಕೊಂಡು ನಕ್ಕಳು, ಏನೂ ಗೊತ್ತಿಲ್ಲದ ಮೊರಿಯಾಸು ಕೂಡ ನಕ್ಕ. ನಾನು ಶ್ಯಾವಿಗೆ ಬೇಯಿಸಲು ಎದ್ದೆ.

ಐಸು ಹಾಕಿದ ಬೋಗುಣಿಯಲ್ಲಿ ಶ್ಯಾವಿಗೆ, ಪಕ್ಕಕ್ಕೆ ಶುಂಠಿ, ನೇರಳೆ ಬದನೆಕಾಯಿ. ಅಣ್ಣ ಶ್ಯಾವಿಗೆ ಅರ್ಧ ನಿಮಿಷ ಹೆಚ್ಚು ಬೆಂದಿದೆ ಎಂದ. ಮೂರು ಸಲ ಹಾಕಿಸಿಕೊಂಡ. ಬದನೆಕಾಯಿಗೆ ಏನೂ ಹೇಳದೆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಪೂರ್ತಿ ತಿಂದ.

"ಇಷ್ಟು ವರ್ಷ ಬರಲಿಲ್ಲ, ಈ ವರ್ಷ ಯಾಕೆ ಬಂದ್ರಿ?" ಎಂದು ಚಿಜುಕೋ ಕೇಳಿದಳು.

"ಈ ವರ್ಷದ ಕಾರ್ಡು ಇವನ ಕೈಬರಹದಲ್ಲಿತ್ತಲ್ಲ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಆ ಬಸ್ಸಿನ ಚಿತ್ರ ಯಾಕೆ ಬರೆದಿದ್ದೆ?"

ನಾಲ್ಕೂ ಹತ್ತರ ಫೆರಿಗೆ ಬಿಡಲು ಬಂದರಿಗೆ ನಡೆದುಕೊಂಡು ಹೋದೆವು. ಮೂವತ್ತೆರಡು ನಿಮಿಷ ಮೊದಲೇ ತಲುಪಿದೆವು, ನನ್ನ ಲೆಕ್ಕ. ಕಟ್ಟೆಯ ಮೇಲೆ ಕೂತೆವು. ಎದುರಿಗೆ ದ್ವೀಪ. ಅವನು ಐಸ್‌ಕ್ಯಾಂಡಿ ಎರಡು ತಂದ, ಒಂದು ನನ್ನ ಕೈಗೆ ಕೊಟ್ಟ. ತಿಂದು ಕಡ್ಡಿ ಉಳಿಯಿತು. ಇನ್ನು ಮಾಡಲು ಬೇರೆ ಕೆಲಸವಿರಲಿಲ್ಲ.

"ಆ ದಿನ ಬದಲಿ ಚಾಲಕ ಇದ್ದ," ಎಂದೆ.

"ಗೊತ್ತು. ಡಿಪೋಗೆ ಫೋನ್ ಮಾಡಿದ್ದು ನಾನೇ ಅಲ್ವಾ? ಬದಲಿ ಆಳು ಇದಾನೆ, ಇಸಾಮುನ ಕಳಿಸ್ತೀವಿ ಅಂದ್ರು. ಆಮೇಲೆ ನೀನೇ ಬೇಡ ಅಂದ್ಯಂತೆ."

"ಹೆದರಿಕೆ ಆಯ್ತು. ಬಸ್ಸಲ್ಲಿ ಕೂತಿದ್ರೆ ಮುಂದಿನ ಸ್ಟಾಪು ಯಾವುದು ಅಂತ ಗೊತ್ತಿರುತ್ತೆ. ಅಲ್ಲಿಗೆ ಬಂದ್ರೆ... ಸಂಜೆವರೆಗೂ ಓಡಿಸಿದೆ. ಒಂದು ನಿಮಿಷ ತಡ ಆಗ್ಲಿಲ್ಲ."

ಫೆರಿ ಬಂತು. ಜನ ಇಳಿದರು, ಜನ ಹತ್ತಿದರು. ಅಣ್ಣ ಏಳಲಿಲ್ಲ.

"ನಾನೂ ಒಂದು ಸುಳ್ಳು ಹೇಳಿದೀನಿ," ಎಂದ. "ಅಪ್ಪ ಕಾದ ಅಂದೆನಲ್ಲ. ಅಪ್ಪ ಕಾದಿಲ್ಲ ಕಣೋ. ಬೆಳಿಗ್ಗೆಯಿಂದ್ಲೇ ಪ್ರಜ್ಞೆ ಇರ್ಲಿಲ್ಲ. ನಿನ್ನ ಹೆಸರೂ ಎತ್ತಲಿಲ್ಲ, ಪಕ್ಕದಲ್ಲಿ ಕೂತಿದ್ದ ನನ್ನ ಹೆಸರೂ ಎತ್ತಲಿಲ್ಲ. ಮೂರು ಗಂಟೆ ಕಾದಿದ್ದು ನಾನು."

ನಾನು ಕಡ್ಡಿ ಹಿಡಿದುಕೊಂಡೇ ಇದ್ದೆ.

"ನಂಗೂ ಹೆದರಿಕೆ ಆಗಿತ್ತು," ಎಂದ. "ಒಬ್ಬನೇ ಇದ್ದೆ. ಅದನ್ನ ಹಾಗೆ ಹೇಳೋಕೆ ಬರ್ಲಿಲ್ಲ ನಂಗೆ."

ಫೆರಿಯ ಹಗ್ಗ ಬಿಚ್ಚುತ್ತಿದ್ದರು. ತಪ್ಪಿಹೋಗುತ್ತದೆ, ಓಡು ಎಂದೆ. ಎಪ್ಪತ್ತಮೂರು ವರ್ಷದವನಿಗೆ ಓಡು ಎಂದೆ.

"ಹೋಗ್ಲಿ ಬಿಡು, ಹಿಂದೆ ಇನ್ನೊಂದು ಬರುತ್ತೆ," ಎಂದ ಅಣ್ಣ.

ಬಸ್ಸು ತಪ್ಪಿಸಿಕೊಂಡವರಿಗೆಲ್ಲ ನಾನು ಹೇಳಿ ಕಳಿಸುತ್ತಿದ್ದ ಮಾತು ಅದು, ಮೂವತ್ತೆಂಟು ವರ್ಷ. ನನಗೆ ಯಾರೂ ಹೇಳಿರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ, ಅಷ್ಟು ಜನರ ಮುಂದೆ, ಅತ್ತುಬಿಟ್ಟೆ. ಅಣ್ಣ ದ್ವೀಪದ ಕಡೆ ನೋಡುತ್ತ ಕೂತಿದ್ದ. ಇನ್ನೊಂದು ಫೆರಿ ಬಂತು, ಅದನ್ನೂ ಬಿಟ್ಟ. ಮೂರನೆಯದಕ್ಕೆ ಹತ್ತಿದ.

ಮನೆಗೆ ಬಂದಾಗ ಮೊರಿಯಾಸು ಬಳ್ಳಿ ಹೊತ್ತುಕೊಂಡು ಹೋಗಲು ಕಾಯುತ್ತಿದ್ದ. ಯಾಕೆ ಇಷ್ಟು ತಡ ಎಂದು ಚಿಜುಕೋ ಕೇಳಿದಳು. ಎರಡು ಫೆರಿ ತಪ್ಪಿದವು ಎಂದೆ. ಅವಳು ನನ್ನ ಮುಖ ನೋಡಿ, ಎಡಗೈಯಲ್ಲಿ ಬಾರ್ಲಿ ಚಹಾ ಬಗ್ಗಿಸಿ ಕೊಟ್ಟಳು.